ಕಿವಿ ಮಿಷನ್ ಬದಲಿಸಿದ್ದು: ಒಮ್ಮೆ ಬೇಗ, ಒಮ್ಮೆ ತಡ

ಅಂಚೆ ಕಚೇರಿಯ ಕೌಂಟರ್‌ನಲ್ಲಿ ಕೂತವರಿಗೆ ‘ಮೂರು’ ಬೇರೆ, ‘ನೂರು’ ಬೇರೆ ಕೇಳಿಸಬೇಕು. 2007ರ ಒಂದು ಬೆಳಿಗ್ಗೆ ಯಾರೋ ಮೂರು ಕಾರ್ಡು ಕೇಳಿದರು. ನಾನು ಕಟ್ಟು ಬಿಚ್ಚಿ ನೂರು ಕಾರ್ಡು ಎಣಿಸಲು ಕೂತೆ. ‘ಅಕ್ಕಾ, ನಾನೇನು ಎಲೆಕ್ಷನ್‌ಗೆ ನಿಂತಿದ್ದೀನಾ?’ ಅಂದರು. ಹಿಂದಿದ್ದ ಸಾಲೆಲ್ಲ ನಕ್ಕಿತು. ನಾನೂ ನಕ್ಕೆ. ಮನೆಗೆ ಬಂದ ಮೇಲೆ ನಗು ಬರಲಿಲ್ಲ.

ಮರು ವರ್ಷ ಮೈಸೂರಿನ ಮಾನಸಗಂಗೋತ್ರಿಗೆ ಹೋದೆ. ಅಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಗಾಜಿನ ಕಿಟಕಿಯ ಕೋಣೆಯಲ್ಲಿ ಕೂರಿಸಿ, ‘ಪೀಂ’ ಅಂತ ಕೇಳಿದಾಗಲೆಲ್ಲ ಬೆರಳೆತ್ತಿಸಿ ಪರೀಕ್ಷೆ ಮಾಡಿದರು. ಎಡಗಿವಿ 48 ಡೆಸಿಬೆಲ್, ಬಲಗಿವಿ 52. ಈ ಅಂಕಿ ಏರಿದಷ್ಟೂ ಕಿವುಡು ಜಾಸ್ತಿ ಅಂತ ಅರ್ಥ. ಒಳಕಿವಿಯ ನರದ ಕಡೆಯ ತೊಂದರೆ, ಔಷಧಿ ಇಲ್ಲ, ಮಿಷನ್ ಒಂದೇ ದಾರಿ ಅಂದರು. ನನಗೆ ಆಗ 44 ವರ್ಷ.

ಈಗ 62. ಎರಡು ವರ್ಷದ ಹಿಂದೆ ರಿಟೈರ್ ಆದೆ. ಈ 18 ವರ್ಷದಲ್ಲಿ ಎಡಗಿವಿಗೇ ಮೂರು ಸಲ ಮಿಷನ್ ಕೊಂಡಿದ್ದೇನೆ. ಎರಡನೇ ಸಲ ಕೊಂಡದ್ದು ತೀರಾ ಬೇಗ ಆಯಿತು, ಅದು ದುಡ್ಡಿನ ನಷ್ಟ. ಮೂರನೇ ಸಲ ತೀರಾ ತಡ ಆಯಿತು. ಅದರ ನಷ್ಟವನ್ನು ರೂಪಾಯಿಯಲ್ಲಿ ಹೇಳೋಕೆ ಬರುವುದಿಲ್ಲ. ‘ಐದು ವರ್ಷಕ್ಕೊಮ್ಮೆ ಬದಲಿಸಬೇಕಂತೆ, ಹೌದಾ?’ ಅಂತ ಈಗ ಊರಲ್ಲಿ ಹಲವರು ನನ್ನನ್ನೇ ಕೇಳುತ್ತಾರೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಅಮ್ಮನಿಗೂ ಕಿವಿ ಮಂದವಿತ್ತು. ಅವರದು ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಡಬ್ಬಿ. ರವಿಕೆಗೆ ಸಿಕ್ಕಿಸಿಕೊಂಡು, ಅದರಿಂದ ಒಂದು ವೈರು ಕಿವಿಗೆ. ಸೆರಗು ಉಜ್ಜಿದರೆ ಅವರಿಗೆ ಗುಡುಗಿದ ಹಾಗೆ ಕೇಳುತ್ತಿತ್ತಂತೆ. ಸೆಲ್ ಉಳಿಸಲು ಅರ್ಧ ದಿನ ಆಫ್ ಮಾಡಿಟ್ಟಿರುತ್ತಿದ್ದರು. ಹನ್ನೆರಡು ವರ್ಷ ಅದೊಂದನ್ನೇ ಬಳಸಿದರು. ‘ಚೆನ್ನಾಗೇ ಇದೆಯಲ್ಲ, ಯಾಕೆ ಬದಲಿಸೋದು’ ಅನ್ನುತ್ತಿದ್ದರು. ಕೊನೆ ಕೊನೆಗೆ ಅವರು ಮಾತಾಡುವುದನ್ನೇ ಕಡಿಮೆ ಮಾಡಿದ್ದರು. ಅದು ವಯಸ್ಸಿನಿಂದ ಅಂತ ನಾವೆಲ್ಲ ಅಂದುಕೊಂಡಿದ್ದೆವು. ಮಿಷನ್ ಸಾಲುತ್ತಿರಲಿಲ್ಲ ಅಂತ ನನಗೆ ಈಗ ಅನಿಸುತ್ತದೆ.

ನನ್ನ ಮೊದಲ ಮಿಷನ್ ಕಿವಿ ಹಿಂದೆ ಕೂರುವಂಥದ್ದು. ಕಿವಿಯ ಅಚ್ಚು ತೆಗೆದು ಮೋಲ್ಡ್ ಮಾಡಿಕೊಟ್ಟಿದ್ದರು. ಮಿಷನ್ನಿಂದ ಮೋಲ್ಡಿಗೆ ಒಂದು ಸಣ್ಣ ಪಾರದರ್ಶಕ ಟ್ಯೂಬ್. ಕಿತ್ತಳೆ ಬಣ್ಣದ ಸ್ಟಿಕ್ಕರ್ ಇರುವ 13ನೇ ನಂಬರ್ ಸೆಲ್. ದುಡ್ಡಿನ ಲೆಕ್ಕ ಹಾಕಿ ಎಡಗಿವಿಗೆ ಮಾತ್ರ ಕೊಂಡೆ. ಅದೂ ಒಂದು ತಪ್ಪೇ, ಆದರೆ ಇವತ್ತಿನ ವಿಷಯ ಅದಲ್ಲ.

ಮೂರು ವರ್ಷ ಚೆನ್ನಾಗಿ ನಡೆಯಿತು. 2011ರ ಮಳೆಗಾಲದಲ್ಲಿ ಶಬ್ದ ಮಂಕಾಯಿತು. ಬಾಯಿ ಆಡಿಸಿದರೆ ಕುಯ್ಯೋ ಅಂತ ಶಿಳ್ಳೆ. ಕೌಂಟರ್‌ಗೆ ಬಂದವರು ತಮ್ಮ ಮೊಬೈಲ್ ನೋಡಿಕೊಳ್ಳುವಷ್ಟು ಜೋರು. ತೀರ್ಥಹಳ್ಳಿಯಲ್ಲಿ ಆಗ ಇದನ್ನು ನೋಡುವವರಿರಲಿಲ್ಲ. ರಜಾ ಹಾಕಿ ಶಿವಮೊಗ್ಗಕ್ಕೆ ಹೋಗಿ ಒಂದು ಅಂಗಡಿಯಲ್ಲಿ ತೋರಿಸಿದೆ. ಅವರು ಮಿಷನ್ ತಿರುಗಿಸಿ ನೋಡಿದರು, ಕಿವಿಯನ್ನು ನೋಡಲೇ ಇಲ್ಲ. ‘ಇದು ಹಳೇ ಮಾಡೆಲ್ ಮೇಡಂ, ನಾಲ್ಕು ಚಾನೆಲ್ಲು. ಈಗ ಎಂಟು ಚಾನೆಲ್ ಬಂದಿದೆ’ ಅಂದರು. ಚಾನೆಲ್ ಅಂದರೆ ಏನು ಅಂತ ಕೇಳುವ ಧೈರ್ಯ ಬರಲಿಲ್ಲ. 38,000 ರೂಪಾಯಿ ಕೊಟ್ಟು ಹೊಸದು ತಂದೆ. ಹೊಸದರಲ್ಲೂ ಮೊದಲು ಮಂಕೇ. ಎರಡು ವಾರ ‘ಅಭ್ಯಾಸ ಆಗುತ್ತೆ’ ಅಂತ ಕಾದೆ.

ಆಮೇಲೆ ಗಂಟಲು ನೋವಿಗೆ ಅಂತ ಇಎನ್‌ಟಿ ಡಾಕ್ಟರ ಹತ್ತಿರ ಹೋಗಿದ್ದೆ. ಅವರು ಸುಮ್ನೆ ಕಿವಿಗೂ ಲೈಟ್ ಬಿಟ್ಟು ನೋಡಿದರು. ಒಳಗೆ ಗುಗ್ಗೆ ತುಂಬಿತ್ತು. ಮೋಲ್ಡ್ ದಿನಾ ಅದನ್ನು ಒಳಗೆ ತಳ್ಳಿ ತಳ್ಳಿ ಗೋಡೆ ಕಟ್ಟಿತ್ತು. ಹತ್ತು ನಿಮಿಷದಲ್ಲಿ ತೆಗೆದರು.

ಅಷ್ಟಕ್ಕೇ ಮುಗಿಯಲಿಲ್ಲ. ಮುಂದಿನ ವರ್ಷ ಬಲಗಿವಿಗೆ ಮಿಷನ್ ಮಾಡಿಸಲು ಮೈಸೂರಿಗೆ ಹೋದಾಗ, ಹಳೆಯದನ್ನೂ ಚೀಲದಲ್ಲಿ ಒಯ್ದಿದ್ದೆ. ಅಲ್ಲಿ ಕಿವಿ ಪರೀಕ್ಷಿಸಿ ಮಿಷನ್ ಹೊಂದಿಸುವ ಆಡಿಯಾಲಜಿಸ್ಟ್ ಹುಡುಗಿ ಅದರ ಟ್ಯೂಬನ್ನು ಎರಡು ಬೆರಳಲ್ಲಿ ಹಿಡಿದು ಬಾಗಿಸಿದಳು. ಹಳದಿಯಾಗಿ, ಒಣಗಿದ ಕಡ್ಡಿಯ ಹಾಗೆ ಆಗಿತ್ತು. ಬುಡದಲ್ಲಿ ಕೂದಲೆಳೆಯಷ್ಟು ಸೀಳು. ‘ಇದನ್ನು ಯಾವಾಗ ಬದಲಿಸಿದ್ರಿ?’ ಅಂದಳು. ಬದಲಿಸಬೇಕು ಅಂತ ಒಂದಿದೆ ಎಂದೇ ನನಗೆ ಗೊತ್ತಿರಲಿಲ್ಲ! ಆ ಟ್ಯೂಬು ವರ್ಷಕ್ಕೆ ಎರಡು ಸಲವಾದರೂ ಹೊಸದಾಗಬೇಕು. ಮೋಲ್ಡ್ ಕೂಡ ಕೆಲವು ವರ್ಷಕ್ಕೆ ಸಡಿಲವಾಗುತ್ತದೆ, ಯಾಕಂದರೆ ನಮ್ಮ ಕಿವಿಯ ಆಕಾರವೇ ನಿಧಾನಕ್ಕೆ ಬದಲಾಗುತ್ತದೆ. ಸಡಿಲವಾದ ಜಾಗದಿಂದ ದೊಡ್ಡದಾದ ಶಬ್ದ ಹೊರಗೆ ಸೋರಿ, ಮತ್ತೆ ಮೈಕಿಗೇ ಹೋಗಿ ಸೇರುತ್ತದೆ. ಅದೇ ಶಿಳ್ಳೆ. ಮದುವೆ ಮನೆ ಮೈಕು ಸ್ಪೀಕರಿನ ಎದುರು ಬಂದಾಗ ಕೂಗುತ್ತದಲ್ಲ, ಹಾಗೆಯೇ.

ಟ್ಯೂಬ್, ಮೋಲ್ಡ್ ಎರಡೂ ಹೊಸದು ಹಾಕಿದಳು. ಕೆಲವು ನೂರು ರೂಪಾಯಿ ಅಷ್ಟೇ. ‘ಸತ್ತ’ ಮಿಷನ್ ಎದ್ದು ಕೂತಿತು. ಅದು ಇವತ್ತಿಗೂ ನನ್ನ ಬೀರುವಿನಲ್ಲಿದೆ, ಬದಲಿ ಮಿಷನ್ ಅಂತ. ಅದನ್ನು ನೋಡಿದಾಗಲೆಲ್ಲ 38,000 ನೆನಪಾಗುತ್ತದೆ.

ಆ ಹುಡುಗಿ ಅವತ್ತು ಕಲಿಸಿದ ಕ್ರಮವನ್ನು ನಾನು ಬಿಟ್ಟಿಲ್ಲ. ಶಬ್ದ ಕಡಿಮೆ ಅನಿಸಿದರೆ ಮೊದಲು ಹೊಸ ಸೆಲ್. ಸ್ಟಿಕ್ಕರ್ ಕಿತ್ತ ಕೂಡಲೇ ಹಾಕಬಾರದು, ಮೂರ್ನಾಲ್ಕು ನಿಮಿಷ ಗಾಳಿಗೆ ಬಿಡಬೇಕು. ಇದು ಗಾಳಿ ಕುಡಿದು ನಡೆಯುವ ಸೆಲ್, ಒಳಗಿರುವುದು ಸತು. ಒಮ್ಮೆ ಕಿತ್ತ ಮೇಲೆ ಸ್ಟಿಕ್ಕರ್ ಮತ್ತೆ ಅಂಟಿಸಿ ಉಳಿಸುತ್ತೇನೆ ಅಂದರೆ ಆಗುವುದಿಲ್ಲ, ನಾನೂ ಮಾಡಿ ನೋಡಿದ್ದೇನೆ. ಆಮೇಲೆ ಮಿಷನ್ನನ್ನು ಮುಷ್ಟಿಯೊಳಗೆ ಮುಚ್ಚಿ ಹಿಡಿಯಬೇಕು. ಶಿಳ್ಳೆ ಹೊಡೆದರೆ ಜೀವ ಇದೆ ಅಂತ ಅರ್ಥ. ಹೊಸ ಮಿಷನ್‌ಗಳಲ್ಲಿ ಶಿಳ್ಳೆ ತಡೆಯುವ ವ್ಯವಸ್ಥೆ ಜೋರಾಗಿರುವುದರಿಂದ ಇದು ಯಾವಾಗಲೂ ಕೆಲಸ ಮಾಡುವುದಿಲ್ಲ. ಆಮೇಲೆ ಟ್ಯೂಬನ್ನು ಬೆಳಕಿಗೆ ಹಿಡಿದು ನೋಡಬೇಕು. ಒಳಗೆ ನೀರಿನ ಒಂದು ಹನಿ ನಿಂತರೂ ಸಾಕು, ಶಬ್ದ ಕಟ್. ಮೈಕಿನ ತೂತಿಗೆ ಒಣ ಬ್ರಶ್ ಆಡಿಸಬೇಕು. ನಾವು ತಲೆಗೆ ಕೊಬ್ಬರಿ ಎಣ್ಣೆ ಹಚ್ಚುವ ಜನ, ಆ ಎಣ್ಣೆ ಧೂಳಿನ ಜೊತೆ ಸೇರಿ ಅಲ್ಲಿ ಮೇಣದಂತೆ ಕೂರುತ್ತದೆ. ಎಣ್ಣೆ ಹಚ್ಚಿದ ದಿನ ನಾನು ಸ್ನಾನದವರೆಗೂ ಮಿಷನ್ ಹಾಕುವುದಿಲ್ಲ. ಇಷ್ಟೆಲ್ಲ ಆದರೂ ಸರಿಹೋಗದಿದ್ದರೆ ಇಎನ್‌ಟಿ ಹತ್ತಿರ ಹೋಗಿ ಗುಗ್ಗೆ ನೋಡಿಸುತ್ತೇನೆ. ಮಿಷನ್ ಅಂಗಡಿಗೆ ಹೋಗುವುದು ಅದಾದ ಮೇಲೆ.

ಇನ್ನು ನಮ್ಮ ಮಲೆನಾಡಿನ ಮಳೆ. ಆಗುಂಬೆ ಇಲ್ಲಿಂದ ದೂರವಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಬಟ್ಟೆಯೇ ಒಣಗದು, ಒಳಗಿನ ಸರ್ಕ್ಯೂಟ್ ಒಣಗುತ್ತದಾ? ರಾತ್ರಿ ಸೆಲ್ಲಿನ ಬಾಗಿಲು ತೆಗೆದು, ಸೆಲ್ ಹೊರಗಿಟ್ಟು, ಮಿಷನ್ನನ್ನು ಸಿಲಿಕಾ ಜೆಲ್ ಇರುವ ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಇಡುತ್ತೇನೆ. ನನ್ನ ಡಬ್ಬಿಯ ಹರಳು ನೀಲಿ ಇದ್ದದ್ದು ಗುಲಾಬಿಯಾದರೆ ತೇವ ಹೀರಿ ಸುಸ್ತಾಗಿದೆ ಅಂತ, ಆಗ ಬದಲಿಸಬೇಕು. ಕೆಲವರು ಅಕ್ಕಿಯಲ್ಲಿ ಹೂಳುತ್ತಾರೆ. ಬೇಡ, ಅಕ್ಕಿಯ ಹುಡಿ ತೂತಿಗೆ ಸೇರುತ್ತದೆ. ಒಲೆಯ ಹತ್ತಿರ ಇಡುವುದು, ಹೇರ್ ಡ್ರೈಯರ್ ಹಿಡಿಯುವುದು ಇನ್ನೂ ಬೇಡ. ಈ ಡಬ್ಬಿ ಒಂದರಿಂದಲೇ ನನ್ನ ಮಿಷನ್‌ಗಳ ಆಯಸ್ಸು ಎರಡು ವರ್ಷವಾದರೂ ಹೆಚ್ಚಿರಬೇಕು.

ಬೇಗ ಬದಲಿಸಿದ ಕಥೆ ಇಷ್ಟು. ತಡ ಮಾಡಿದ್ದು ಬೇರೆ ಥರ. 38,000 ಕಳೆದ ಸಿಟ್ಟಿಗೆ ನಾನು ಇನ್ನೊಂದು ತುದಿಗೆ ಹೋದೆ. ಯಾರು ಏನೇ ಹೇಳಲಿ, ಇದು ಪೂರ್ತಿ ಕೆಡುವ ತನಕ ಹೊಸದು ಬೇಡ ಅಂತ ಹಠ. ಥೇಟ್ ಅಮ್ಮನ ಹಾಗೆ.

ಮಿಷನ್ ಕೆಟ್ಟಿರಲಿಲ್ಲ ನಿಜ. ಟ್ಯೂಬ್ ಹೊಸದು, ಸೆಲ್ ಹೊಸದು, ಕಿವಿ ಸ್ವಚ್ಛ. ಆದರೂ 2017–18ರಿಂದ ಏನೋ ಜಾರುತ್ತಿತ್ತು. ಜನ ಮಾತಾಡುವುದು ಕೇಳುತ್ತಿತ್ತು, ಏನು ಮಾತಾಡಿದರು ಅಂತ ಗೊತ್ತಾಗುತ್ತಿರಲಿಲ್ಲ. ಈ ವ್ಯತ್ಯಾಸ ಕಿವಿ ಚೆನ್ನಾಗಿರುವವರಿಗೆ ಅರ್ಥ ಮಾಡಿಸುವುದು ಕಷ್ಟ. ತಟ್ಟೆ, ಕಟ್ಟೆ, ಬಟ್ಟೆ ಎಲ್ಲವೂ ‘ಅಟ್ಟೆ’ ಆಗಿಬಿಡುತ್ತವೆ. ಸ್ವರ ದಪ್ಪ ಶಬ್ದ, ಅದು ಕೇಳುತ್ತದೆ. ಸ, ಶ, ತ, ಕ ಎಲ್ಲ ತೆಳು, ಮೇಲಿನ ಫ್ರೀಕ್ವೆನ್ಸಿಯವು. ನನ್ನಂಥವರಿಗೆ ಅವೇ ಮೊದಲು ಹೋಗುವುದು. ನಾನು ವಾಲ್ಯೂಮ್ ಏರಿಸುತ್ತಿದ್ದೆ. ದಪ್ಪ ಶಬ್ದ ಇನ್ನಷ್ಟು ದಪ್ಪವಾಗುತ್ತಿತ್ತು, ತೆಳುವಾದದ್ದು ಇದ್ದಲ್ಲೇ. ಸಂಜೆಗೆ ತಲೆ ಸಿಡಿಯುತ್ತಿತ್ತು. ಕೌಂಟರ್‌ನಲ್ಲಿ ಕೂತವಳು ಮನೆಗೆ ಬಂದು ಯಾರ ಜೊತೆಯೂ ಮಾತಿಲ್ಲದೆ ಮಲಗುತ್ತಿದ್ದೆ.

ಗುಟ್ಟು ಬಯಲಾದದ್ದು 2020ರಲ್ಲಿ, ಮಾಸ್ಕ್ ಬಂದಾಗ. ಒಂದೇ ದಿನದಲ್ಲಿ ಇಡೀ ತೀರ್ಥಹಳ್ಳಿ ಮೂಕಿಯಾಯಿತು ನನ್ನ ಪಾಲಿಗೆ. ಮಾಸ್ಕ್ ಬಟ್ಟೆ ಆ ತೆಳು ಶಬ್ದಗಳನ್ನೇ ಹೆಚ್ಚು ತಡೆಯುತ್ತದೆ, ಅದೊಂದು. ಅದಕ್ಕಿಂತ ದೊಡ್ಡದು, ತುಟಿ ಕಾಣಿಸುತ್ತಿರಲಿಲ್ಲ. ಎಷ್ಟೋ ವರ್ಷದಿಂದ ನಾನು ಅರ್ಧ ಕಿವಿಯಲ್ಲಿ, ಅರ್ಧ ಕಣ್ಣಲ್ಲಿ ಕೇಳುತ್ತಿದ್ದೆ ಅಂತ ಆಗ ಗೊತ್ತಾಯಿತು. ಜನರಿಗೆ ಚೀಟಿ ಬರೆದು ಕೊಡಿ ಅನ್ನತೊಡಗಿದೆ. ಒಂದು ಮಧ್ಯಾಹ್ನ ವಯಸ್ಸಾದವರೊಬ್ಬರು, ‘ಬರೆಯೋಕೆ ಬರಲ್ಲ ತಾಯಿ’ ಅಂದರು. ಅದನ್ನೂ ಅವರು ಎರಡು ಸಲ ಹೇಳಬೇಕಾಯಿತು.

2021ರ ಫೆಬ್ರವರಿಯಲ್ಲಿ ಮೈಸೂರಿಗೆ ಹೋದೆ. ಹಿಂದಿನ ಪರೀಕ್ಷೆ ಮಾಡಿಸಿ ಏಳು ವರ್ಷವಾಗಿತ್ತು. ನೋಡಿ, ನನ್ನ ನಿಜವಾದ ತಪ್ಪು ಇದು. ಮಿಷನ್ನಿನ ವಯಸ್ಸು ಲೆಕ್ಕ ಹಾಕುತ್ತಿದ್ದೆ, ಕಿವಿಯ ಲೆಕ್ಕ ಬಿಟ್ಟಿದ್ದೆ. 2014ರಲ್ಲಿ 55 ಇದ್ದ ಎಡಗಿವಿ 66ಕ್ಕೆ ಬಂದಿತ್ತು. ಬಲಗಿವಿ 68.

ಕಿವಿ ಇಳಿದ ಮಾತ್ರಕ್ಕೆ ಹೊಸ ಮಿಷನ್ ಬೇಕು ಅಂತಿಲ್ಲ. ಈಗಿನವನ್ನೆಲ್ಲ ಕಂಪ್ಯೂಟರಿಗೆ ಜೋಡಿಸಿ, ಹೊಸ ಆಡಿಯೋಗ್ರಾಮ್ (ಕಿವಿ ಪರೀಕ್ಷೆಯ ಗೆರೆನಕ್ಷೆ) ಹಾಕಿ ಮತ್ತೆ ಪ್ರೋಗ್ರಾಮ್ ಮಾಡಬಹುದು. ಅಲ್ಲಿಯೂ ಮೊದಲು ಅದನ್ನೇ ಮಾಡಿದರು. ಮಿಷನ್ನನ್ನು ಒಂದು ಪೆಟ್ಟಿಗೆಯೊಳಗಿಟ್ಟು, ಕಂಪನಿ ಹೇಳಿದಷ್ಟು ಶಬ್ದ ಈಗಲೂ ಕೊಡುತ್ತದಾ ಅಂತ ಅಳೆದರು. ಕೊಡುತ್ತಿತ್ತು! ಹತ್ತು ವರ್ಷದ ಮಿಷನ್ನು. ಸಿಲಿಕಾ ಡಬ್ಬಿಗೆ ಮನಸ್ಸಿನಲ್ಲೇ ಕೈಮುಗಿದೆ. ಆಮೇಲೆ ಒಂದು ನಕ್ಷೆ ತೋರಿಸಿದರು. ಪ್ರತಿ ಮಾಡೆಲ್‌ಗೂ ಅಂಥದ್ದಿರುತ್ತದೆ. ಎಷ್ಟು ಕಿವುಡುತನದವರೆಗೆ ಈ ಮಿಷನ್ ಸಾಲುತ್ತದೆ ಅನ್ನುವುದನ್ನು ಬಣ್ಣ ತುಂಬಿ ತೋರಿಸಿರುತ್ತಾರೆ. ಅದರ ಮೇಲೆ ನನ್ನ ಆಡಿಯೋಗ್ರಾಮಿನ ಗೆರೆ ಎಳೆದರು. ಎಡಕ್ಕೆ, ದಪ್ಪ ಶಬ್ದದ ಕಡೆ ಗೆರೆ ಬಣ್ಣದ ಒಳಗಿತ್ತು. 2000 ಹರ್ಟ್ಸ್ ದಾಟಿದ ಮೇಲೆ ಬಣ್ಣದಿಂದ ಕೆಳಗಿಳಿದು ಹೊರಗೆ ಹೋಗಿತ್ತು. ಮಿಷನ್ ಸರಿಯಾಗೇ ಇತ್ತು, ನಾನು ಅದರ ಕೈಗೆ ಸಿಗದಷ್ಟು ದೂರ ಬಂದಿದ್ದೆ.

ಪದಗಳ ಪರೀಕ್ಷೆಯನ್ನೂ ಮಾಡಿದರು. 25 ಕನ್ನಡ ಪದ ಕೇಳಿಸಿ, ಕೇಳಿದ್ದನ್ನು ಹಾಗೇ ಹೇಳಬೇಕು. ಹಳೇ ಮಿಷನ್ ಹಾಕಿಕೊಂಡು 13 ಸರಿ ಹೇಳಿದೆ. ಟ್ರಯಲ್‌ಗೆ ಕೊಟ್ಟ ಶಕ್ತಿ ಜಾಸ್ತಿಯ ಮಿಷನ್ನಿನಲ್ಲಿ 19. ನನಗೆ ಕೂಡಲೇ ಕಣ್ಣೀರು ಬಂತು. 19 ಅಂದರೆ 25 ಅಲ್ಲ, ಅದೂ ಗೊತ್ತಿತ್ತು. ಒಳಕಿವಿಯ ಸೂಕ್ಷ್ಮ ಕೂದಲಿನಂಥ ಕೋಶಗಳು ಹೋದರೆ ಹೋದವೇ. ಎಷ್ಟು ಲಕ್ಷ ಕೊಟ್ಟರೂ ಮಿಷನ್ ಅವುಗಳನ್ನು ತಂದುಕೊಡುವುದಿಲ್ಲ. ಅಂಗಡಿಯವರು ಹೇಳದೇ ಬಿಡುವ ಮಾತು ಇದು.

ಇಷ್ಟಾದ ಮೇಲೆ ಯಾವುದು ಕೊಳ್ಳುವುದು ಅನ್ನುವುದು. ಕಿವಿ ಇನ್ನೂ ಇಳಿಯಬಹುದು, ಹಾಗಾಗಿ ಇವತ್ತಿಗೆ ಸರಿಯಾಗಿ ಸಾಲುವುದನ್ನು ಕೊಳ್ಳಬಾರದು, ಮೇಲೆ 10–15 ಡೆಸಿಬೆಲ್ ಜಾಗ ಉಳಿದಿರಬೇಕು ಅಂತ ಆಡಿಯಾಲಜಿಸ್ಟ್ ಹೇಳಿದರು. ಮಕ್ಕಳಿಗೆ ಅಂಗಿ ಹೊಲಿಸುವಾಗ ಸ್ವಲ್ಪ ಉದ್ದ ಇಡಿಸುತ್ತೇವಲ್ಲ, ಆ ಲೆಕ್ಕ. ಚಾರ್ಜ್ ಮಾಡುವ ಮಿಷನ್ ತೋರಿಸಿದರು. ಚೆಂದ ಇತ್ತು, ಸೆಲ್ಲಿನ ರಗಳೆ ಇಲ್ಲ. ಮೈಸೂರಿನವರಾದರೆ ತಗೊಳ್ಳಿ. ನಮ್ಮಲ್ಲಿ ಜುಲೈನಲ್ಲಿ ಮರ ಬಿದ್ದು ಲೈನ್ ಹೋದರೆ ಎರಡು ದಿನ ಕರೆಂಟಿಲ್ಲ. ಕತ್ತಲೆಯ ಜೊತೆ ಕಿವುಡೂ ಬೇಕಾ? ನಾನು ಸೆಲ್ಲಿನದ್ದನ್ನೇ ಆರಿಸಿದೆ. ಅಲ್ಲದೆ ಚಾರ್ಜಿನ ಬ್ಯಾಟರಿಯೂ ನಾಲ್ಕೈದು ವರ್ಷಕ್ಕೆ ದಣಿಯುತ್ತದೆ, ಮೊಬೈಲಿನ ಹಾಗೆ. ಕಿವಿಯೊಳಗೇ ಅಡಗುವ ಪುಟ್ಟ ಮಿಷನ್ ನನ್ನ ಮಟ್ಟದ ಕಿವುಡಿಗೆ ಶಕ್ತಿ ಸಾಲದು, ಹಾಗಾಗಿ ಅದರ ಮಾತೇ ಬರಲಿಲ್ಲ.

ಎರಡೂ ಕಿವಿಗೆ ಸೇರಿ 92,000 ಆಯಿತು. ಇಷ್ಟು ಬೇಕೇ ಬೇಕು ಅಂತ ನಾನು ಹೇಳುತ್ತಿಲ್ಲ. ಇದರ ಅರ್ಧಕ್ಕೂ ಸಿಗುತ್ತದೆ, ಮೂರು ಪಟ್ಟಿಗೂ ಸಿಗುತ್ತದೆ. ಒಂದು ಮಾತು: ಶ್ರವಣ ಸಾಧನಕ್ಕೆ ಜಿಎಸ್‌ಟಿ ಇಲ್ಲ. ಬಿಲ್ ನೋಡಿ ತಗೊಳ್ಳಿ. ನಮ್ಮ ಬೀದಿಯ ಹೂವಿನ ಅಂಗಡಿಯಾಕೆಗೆ ಕೇಂದ್ರ ಸರ್ಕಾರದ ಅಡಿಪ್ ಯೋಜನೆಯಲ್ಲಿ ಸಿಕ್ಕಿತು, ಆದಾಯ ಕಡಿಮೆ ಇರುವ ಅಂಗವಿಕಲರಿಗೆ ಅದು ಇದೆ. ಅಲ್ಲಿ ಒಮ್ಮೆ ಪಡೆದರೆ ಮೂರು ವರ್ಷ ಮತ್ತೆ ಕೇಳುವ ಹಾಗಿಲ್ಲ. ಅದಕ್ಕೇ ಆಕೆಗೂ ಒಂದು ಸಿಲಿಕಾ ಡಬ್ಬಿ ಕೊಟ್ಟು, ಎಣ್ಣೆಯ ವಿಷಯ ಹೇಳಿ ಬಂದೆ.

ಹೊಸದು ಹಾಕಿದ ಮೊದಲ ಮೂರು ವಾರ ನರಕ. ಸ್ಟೀಲ್ ತಟ್ಟೆ ಇಟ್ಟರೆ ಸಿಡಿಲು. ನಲ್ಲಿ ಬಿಟ್ಟರೆ ಜೋಗ ಜಲಪಾತ. ನನ್ನ ದನಿ ನನಗೇ ಯಾರದೋ ಅನಿಸುತ್ತಿತ್ತು. ಇಷ್ಟು ವರ್ಷ ಕೇಳದೇ ಇದ್ದದ್ದು ಒಮ್ಮೆಗೇ ಬಂದರೆ ಮೆದುಳಿಗೂ ಹೊತ್ತು ಬೇಕು. ಎರಡನೇ ದಿನವೇ ‘ಇದು ಸರಿ ಇಲ್ಲ’ ಅಂತ ಬಿಚ್ಚಿಡಬೇಡಿ. ಹಾಗಂತ ಸಹಿಸಿಕೊಂಡು ಕೂರುವುದೂ ಅಲ್ಲ. ಯಾವ ಶಬ್ದ, ಎಲ್ಲಿ, ಎಷ್ಟು ಹೊತ್ತಿಗೆ ತೊಂದರೆ ಕೊಟ್ಟಿತು ಅಂತ ಬರೆದುಕೊಂಡು ಎರಡು ಸಲ ಸೆಟ್ಟಿಂಗ್ ಸರಿ ಮಾಡಿಸಿದೆ. ಸುಮ್ನೆ ‘ಚೆನ್ನಾಗಿಲ್ಲ’ ಅಂದರೆ ಅವರಾದರೂ ಏನು ಮಾಡುತ್ತಾರೆ? ‘ಕುಕ್ಕರ್ ಸೀಟಿ ಚುಚ್ಚುತ್ತೆ, ಆದರೆ ಮೊಮ್ಮಗಳ ಮಾತು ಸಾಲಲ್ಲ’ ಅಂದರೆ ಅವರಿಗೆ ಎಲ್ಲಿ ಕೈ ಹಾಕಬೇಕು ಅಂತ ಗೊತ್ತಾಗುತ್ತದೆ.

ಆಗಿನಿಂದ ನನ್ನ ಹತ್ತಿರ ಒಂದು ನೋಟ್‌ಬುಕ್ ಇದೆ. ಪ್ರತಿ ತಿಂಗಳು ಒಂದನೇ ತಾರೀಕು, ಬೆಳಗಿನ ಕಾಫಿ ಆದ ಮೇಲೆ ಪರೀಕ್ಷೆ. ನಮ್ಮ ಮನೆಯವರು ನನ್ನ ಬೆನ್ನ ಹಿಂದೆ ಆರಡಿ ದೂರ ನಿಲ್ಲುತ್ತಾರೆ. ಫ್ಯಾನು, ಟೀವಿ ಬಂದ್. ಮೊದಲು ಆರು ಶಬ್ದ: ಆ, ಈ, ಊ, ಮ್, ಶ್, ಸ್. ಇದು ನಾನು ಕಂಡುಹಿಡಿದದ್ದಲ್ಲ, ಲಿಂಗ್ ಅನ್ನುವವರು ಕಿವುಡು ಮಕ್ಕಳಿಗಾಗಿ ರೂಪಿಸಿದ ಪರೀಕ್ಷೆ. ಮಾತಿನ ದಪ್ಪ ಶಬ್ದದಿಂದ ತೀರ ತೆಳು ಶಬ್ದದವರೆಗೆ ಎಲ್ಲ ಈ ಆರರಲ್ಲಿ ಬಂದುಬಿಡುತ್ತದೆ. ‘ಸ್’ ತಪ್ಪಿದರೆ ತುದಿಯಲ್ಲಿ ಏನೋ ಕೈಕೊಟ್ಟಿದೆ ಅಂತ. ಆಮೇಲೆ 20 ಪದ. ಒಂದು ಡಬ್ಬಿಯಲ್ಲಿ ಚೀಟಿ ಮಾಡಿ ಹಾಕಿದ್ದೇನೆ. ತಟ್ಟೆ, ಕಟ್ಟೆ, ಸಾಲ, ಹಾಲ, ಕಾಲ, ಮೂರು, ನೂರು, ಆರು, ಊರು ಹೀಗೆ. ಅವರು ಎತ್ತಿ ಓದುತ್ತಾರೆ, ನಾನು ಹೇಳುತ್ತೇನೆ, ಮಾರ್ಕು ಬೀಳುತ್ತದೆ. ಬಾಯಿಪಾಠ ಆಗದಿರಲಿ ಅಂತ ಮೂರು ತಿಂಗಳಿಗೊಮ್ಮೆ ಹೊಸ ಚೀಟಿ.

ಇದು ಡಾಕ್ಟರ ಪರೀಕ್ಷೆಯಲ್ಲ. ಒಂದು ತಿಂಗಳ ಮಾರ್ಕಿಗೆ ಅರ್ಥವೂ ಇಲ್ಲ, ನೆಗಡಿ ಬಂದರೂ ಎರಡು ಕಡಿಮೆಯಾಗುತ್ತದೆ. ಆದರೆ ಸೆಲ್ಲು, ಟ್ಯೂಬು, ಗುಗ್ಗೆ ಎಲ್ಲ ನೋಡಿಯೂ ಸತತ ಎರಡು ತಿಂಗಳು ಮೂರು ಮಾರ್ಕಿಗಿಂತ ಜಾಸ್ತಿ ಇಳಿದರೆ ನಾನು ಮೈಸೂರಿಗೆ ಟಿಕೆಟ್ ಮಾಡುತ್ತೇನೆ. ಇಳಿಯದಿದ್ದರೂ ವರ್ಷಕ್ಕೊಮ್ಮೆ ಆಡಿಯೋಗ್ರಾಮ್ ತಪ್ಪಿಸುವುದಿಲ್ಲ.

ಒಂದು ಸಂದರ್ಭದಲ್ಲಿ ಮಾತ್ರ ಈ ನೋಟ್‌ಬುಕ್, ಕ್ರಮ ಎಲ್ಲ ಪಕ್ಕಕ್ಕಿಡಿ. ರಾತ್ರಿ ಸರಿ ಇದ್ದ ಕಿವಿ ಬೆಳಿಗ್ಗೆ ಪೂರ್ತಿ ಬಂದ್ ಆಗಿದ್ದರೆ, ಮಿಷನ್ ತೆಗೆದು ಆ ಕಿವಿಯ ಹತ್ತಿರ ಬೆರಳು ಉಜ್ಜಿ, ಫೋನ್ ಹಿಡಿದು ನೋಡಿ. ಬರಿಗಿವಿಯಲ್ಲಿ ನಿನ್ನೆಯವರೆಗೆ ಕೇಳುತ್ತಿದ್ದದ್ದೂ ಕೇಳದಿದ್ದರೆ ಅದು ಮಿಷನ್ ತೊಂದರೆ ಅಲ್ಲ. ಅವತ್ತೇ ಇಎನ್‌ಟಿ ಹತ್ತಿರ ಓಡಬೇಕು. ಒಮ್ಮೆಗೇ ಹೋದ ಕಿವಿಗೆ ಬೇಗ ಔಷಧಿ ಬಿದ್ದರೆ ಮರಳುವ ಸಾಧ್ಯತೆ ಇರುತ್ತದೆ, ದಿನ ಕಳೆದಷ್ಟೂ ಅದು ಕಡಿಮೆ. ನನ್ನ ಜೊತೆ ಕೆಲಸ ಮಾಡುತ್ತಿದ್ದವರೊಬ್ಬರು ಮಿಷನ್ ರಿಪೇರಿಗೆ ಕಳಿಸಿ ಹದಿನೈದು ದಿನ ಕಾದರು. ಮಿಷನ್ ಸರಿ ಇದೆ ಅಂತ ವಾಪಸ್ ಬಂತು.

ಈಗ ನಾಲ್ಕನೇ ಸಲದ ವಿಚಾರ. ಮಿಷನ್‌ಗೆ ಐದು ವರ್ಷ ಆಗುತ್ತಾ ಬಂತು, ವಾರಂಟಿ ಮುಗಿದು ಬಹಳ ದಿನವಾಯಿತು. ಬೆಂಗಳೂರಲ್ಲಿರುವ ಮಗಳು ದಿನಕ್ಕೊಂದು ಜಾಹೀರಾತು ಕಳಿಸುತ್ತಾಳೆ. ‘ಅಮ್ಮ, ಇದರಲ್ಲಿ ಎಐ ಇದೆಯಂತೆ, ಗದ್ದಲದಲ್ಲೂ ಮಾತು ಮಾತ್ರ ಕೇಳುತ್ತಂತೆ. ನೀನು ಸುಮ್ನೆ ತಗೋ, ದುಡ್ಡು ನಾನು ಕೊಡ್ತೀನಿ.’ ಬೇಡ ಅನ್ನಲಿಲ್ಲ. ಗದ್ದಲವೇ ನನ್ನ ದೊಡ್ಡ ಕಷ್ಟ ಅನ್ನುವುದು ನಿಜ. ಹೊಸದನ್ನು ಹತ್ತು ದಿನ ಟ್ರಯಲ್‌ಗೆ ಕೇಳಿ ತಂದೆ, ಅದೂ ಬೇಕೆಂದೇ ಎಳ್ಳಮಾವಾಸ್ಯೆ ಜಾತ್ರೆಯ ವಾರದಲ್ಲಿ. ಅಂಗಡಿಯ ಎಸಿ ರೂಮಿನಲ್ಲಿ ಎಲ್ಲ ಮಿಷನ್ನೂ ಚೆನ್ನಾಗಿಯೇ ಕೇಳುತ್ತವೆ. ರಾಮೇಶ್ವರ ದೇವಸ್ಥಾನದ ಎದುರಿನ ಜನಜಂಗುಳಿ, ಮೈಕು, ತುತ್ತೂರಿ ಮಾರುವ ಹುಡುಗರ ಮಧ್ಯೆ ಕೇಳಿದರೆ ಅದು ಪರೀಕ್ಷೆ.

ಒಂದು ದಿನ ಹಳೆಯದು, ಒಂದು ದಿನ ಹೊಸದು ಹಾಕಿಕೊಂಡು ಹೋದೆ. ಹೊಸದು ಮೇಲು, ಅದರಲ್ಲಿ ಅನುಮಾನವಿಲ್ಲ. ಎದುರು ನಿಂತವರ ಮಾತು ಸ್ವಲ್ಪ ಎದ್ದು ಬರುತ್ತಿತ್ತು. ಆದರೆ ಬಳೆ ಅಂಗಡಿಯವಳು ಹೇಳಿದ ರೇಟು ಎರಡರಲ್ಲೂ ಎರಡೆರಡು ಸಲ ಕೇಳಬೇಕಾಯಿತು. ಫೋನ್ ನೇರ ಕಿವಿಗೆ ಬರುವುದು ಬಹಳ ಇಷ್ಟವಾಯಿತು, ಮಗಳ ದನಿ ಪಕ್ಕದಲ್ಲೇ ಕೂತು ಮಾತಾಡಿದ ಹಾಗೆ. ಆದರೆ ನನ್ನ ಮೊಬೈಲಿಗೆ ಅದು ನೇರ ಕೂಡಿಕೊಳ್ಳಲಿಲ್ಲ, ಅಳಿಯನ ಮೊಬೈಲಿನಲ್ಲಿ ನೋಡಿದ್ದು. ಎಲ್ಲ ಮಿಷನ್ ಎಲ್ಲ ಫೋನಿಗೂ ಹೊಂದುವುದಿಲ್ಲ, ಕೊಳ್ಳುವ ಮೊದಲು ನಿಮ್ಮ ಫೋನನ್ನೇ ಒಯ್ದು ನೋಡಿ. ಮನೆಯ 20 ಪದಗಳಲ್ಲಿ ಹಳೆಯದಕ್ಕೆ 15, ಹೊಸದಕ್ಕೆ 16.

ಒಂದು ಮಾರ್ಕಿಗೆ ಒಂದೂವರೆ ಲಕ್ಷ. ಮೊನ್ನೆಯ ಆಡಿಯೋಗ್ರಾಮಿನಲ್ಲಿ ಎಡಗಿವಿ 69. ನಕ್ಷೆಯಲ್ಲಿ ಗೆರೆ ಇನ್ನೂ ಬಣ್ಣದ ಒಳಗೇ ಇದೆ. ಸದ್ಯಕ್ಕೆ ಬೇಡ ಅಂತ ವಾಪಸ್ ಕೊಟ್ಟೆ. ನಾನಿನ್ನೂ ಕೌಂಟರ್‌ನಲ್ಲಿ ಕೂರುತ್ತಿದ್ದರೆ, ದಿನಾ ಇನ್ನೂರು ಜನರ ಮಾತು ಕೇಳಬೇಕಿದ್ದರೆ, ಬಹುಶಃ ಕೊಂಡುಬಿಡುತ್ತಿದ್ದೆ. ಈ ಮಾಡೆಲ್ಲಿನ ಬಿಡಿಭಾಗ ಇನ್ನೆಷ್ಟು ದಿನ ಸಿಗುತ್ತದೆ ಅಂತ ಕೇಳಿಟ್ಟಿದ್ದೇನೆ. ಅದು ನಿಂತರೆ, ಅಥವಾ ಹೊಸದರ ಬೆಲೆಯ ಮೂರನೇ ಒಂದು ಪಾಲು ನುಂಗುವ ರಿಪೇರಿ ಬಂದರೆ, ಆಗ ಹಟ ಮಾಡುವುದಿಲ್ಲ. ಇನ್ನೂ ಇಳಿದು, ಶಕ್ತಿಯ ಮಿಷನ್ನಿನಲ್ಲೂ ಪದಗಳು ಅರ್ಧಕ್ಕಿಂತ ಕಡಿಮೆಯಾದರೆ ಆಪರೇಷನ್ ಮಾಡಿ ಒಳಕಿವಿಗೆ ಕೂರಿಸುವ ಕಾಕ್ಲಿಯರ್ ಇಂಪ್ಲಾಂಟ್ ಬಗ್ಗೆ ಕೇಳಬೇಕು ಅಂತ ಡಾಕ್ಟರ್ ಹೇಳಿದ್ದಾರೆ. ಅದನ್ನೂ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದಿದ್ದೇನೆ.

ಈ ತಿಂಗಳ ಒಂದನೇ ತಾರೀಕು ನನಗೆ 14 ಬಂತು. ನಾನು ಜಗಳವಾಡಿದೆ. ‘ಸಾಲ’ ಅಂತ ನಾನು ಹೇಳಿದ್ದು ಸರಿಯಾಗಿತ್ತು, ಚೀಟಿಯಲ್ಲೂ ‘ಸಾಲ’ ಅಂತಲೇ ಇತ್ತು. ‘ನೀನು ಹಾಲ ಅಂದೆ’ ಅಂತ ಇವರ ಹಟ. ಎರಡು ಸಲ ಹಾಗಾಯಿತು. ಈಚೆಗೆ ಟೀವಿ ವಾಲ್ಯೂಮ್ ಏರಿಸುತ್ತಿರುವವರೂ ಇವರೇ. ಅವರಿಗೆ 67. ಮುಂದಿನ ತಿಂಗಳು ಮೈಸೂರಿಗೆ ಇಬ್ಬರದೂ ಟಿಕೆಟ್ ಮಾಡಿದ್ದೇನೆ. ಅವರಿಗಿನ್ನೂ ಹೇಳಿಲ್ಲ.